ರಸಮಂಜರಿಯಲ್ಲಿ ಸೌಂಡ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಗಣಪತಿ ಪೆಂಡಾಲಿನಲ್ಲಿ, ಜಾತ್ರೆಯಲ್ಲಿ, ಆರತಕ್ಷತೆಯಲ್ಲಿ ಚಿತ್ರಗೀತೆ ಹಾಡುವ ಆರ್ಕೆಸ್ಟ್ರಾ ತಂಡಗಳಿಗೆ ಮತ್ತು ಅವರನ್ನು ಕರೆಸುವ ಸಮಿತಿಯವರಿಗೆ ಈ ಪುಟ. ಕಾರ್ಯಕ್ರಮ ಹಾಳಾದ ಮರುದಿನ ಊರೆಲ್ಲ ಬೈಯುವುದು ಮೈಕಿನವನನ್ನು. ಹಾಳಾದ ಕಾರ್ಯಕ್ರಮವನ್ನು ಬಿಚ್ಚಿ ನೋಡಿದರೆ ತಪ್ಪು ಸಾಮಾನ್ಯವಾಗಿ ಮೂರು ಕಡೆ ಸಿಗುತ್ತದೆ: ಕರೆಂಟು, ವೇದಿಕೆಯ ಮೇಲಿನ ಗದ್ದಲ, ಸೌಂಡ್ ಚೆಕ್ಕಿಗೆ ಸಿಗದ ಸಮಯ. ಎಲ್ಲ ಮೈಕು, ವಾದ್ಯಗಳ ಸದ್ದನ್ನು ಬೆರೆಸುವ ಮಿಕ್ಸರಿನ ಸರದಿ ಬರುವುದು ಆಮೇಲೆ.

ಮೊದಲ ಹಾಡಿಗೇ ಮೈಕು ‘ಕುಂಯ್’ ಅಂತ ಕಿರುಚುತ್ತದೆ. ಮೈಕು ಹಾಳಾಗಿದೆಯಾ?

ಇಲ್ಲ. ಸ್ಪೀಕರ್ ಬಾಕ್ಸಿನಿಂದ ಹೊರಟ ಸದ್ದು ಮತ್ತೆ ಅದೇ ಮೈಕಿಗೆ ಹೊಕ್ಕು, ದೊಡ್ಡದಾಗಿ ಹೊರಬಂದು, ಮತ್ತೆ ಒಳಹೋಗುತ್ತಿದೆ. ಮೈಕು ಬದಲಾಯಿಸಿದರೆ ಹೊಸ ಮೈಕೂ ಕಿರುಚುತ್ತದೆ.

ಮೊದಲು ಗಾಯಕರ ಕೈ ನೋಡಿ. ತುಟಿಯಿಂದ ಒಂದು ಅಂಗುಲದಲ್ಲಿದ್ದ ಮೈಕನ್ನು ಎಂಟು ಅಂಗುಲ ದೂರ ಹಿಡಿದರೆ ಮೈಕಿಗೆ ಸಿಗುವ ದನಿ ಸುಮಾರು 18 ಡೆಸಿಬಲ್ ಇಳಿಯುತ್ತದೆ. ಅಷ್ಟನ್ನು ಆಪರೇಟರ್ ಗೇನ್ (ಮೈಕಿನಿಂದ ಬಂದ ಸಿಗ್ನಲ್ಲನ್ನು ಹಿಗ್ಗಿಸುವ ಗುಂಡಿ) ತಿರುಗಿಸಿ ತುಂಬಬೇಕು. ಗೇನ್ ಏರಿದಾಗ ಗಾಯಕರ ದನಿಯ ಜೊತೆಗೆ ಹಿಂದಿನ ಪ್ಯಾಡು (ಎಲೆಕ್ಟ್ರಾನಿಕ್ ತಾಳವಾದ್ಯ), ಪಕ್ಕದ ಮಾನಿಟರು (ಗಾಯಕರಿಗೆ ತಮ್ಮ ದನಿ ಕೇಳಲೆಂದು ವೇದಿಕೆಯ ಮೇಲೆ ಇಡುವ ಬಾಕ್ಸು), ಮುಂದಿನ ಸಾಲಿನ ಮಗುವಿನ ಅಳು ಎಲ್ಲವೂ ಏರುತ್ತವೆ. ಕಿರುಚಾಟ ಶುರುವಾಗುವುದು ಅಲ್ಲಿಂದ.

ಎರಡನೆಯದು ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹಾಡುವ ಚಟ. ಹಾಡುವ ಮೈಕುಗಳು ಮುಂದಿನ ಸದ್ದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಹಿಡಿಯುವಂತೆ ಮಾಡಿದವು. ಜಾಲರಿಯ ಹಿಂದಿನ ಸಂದುಗಳಿಂದ ಗಾಳಿ ಆಡಿದರೆ ಮಾತ್ರ ಆ ಗುಣ ಉಳಿಯುತ್ತದೆ. ಅಂಗೈ ಮುಚ್ಚಿದರೆ ಅದೇ ಮೈಕು ಎಲ್ಲ ದಿಕ್ಕಿನ ಸದ್ದನ್ನೂ ನುಂಗತೊಡಗುತ್ತದೆ. ಕಿರುಚಿದ ಕೂಡಲೇ ಗಾಬರಿಯಿಂದ ಮೈಕಿನ ತಲೆ ಮುಚ್ಚುವವರೇ ಜಾಸ್ತಿ, ಅದರಿಂದ ಕಿರುಚಾಟ ಹೆಚ್ಚುತ್ತದೆ. ಮೈಕನ್ನು ಬಾಯಿಯ ಹತ್ತಿರ ತಂದು ಹಾಡುವುದೇ ಸರಿ. ತಪ್ಪಿಯೂ ಅದರ ಮುಖವನ್ನು ಮಾನಿಟರಿನ ಕಡೆ ತಿರುಗಿಸಬೇಡಿ.

ಮೂರನೆಯದು ಮಾನಿಟರ್ ಇಟ್ಟ ಜಾಗ. ಸಾಮಾನ್ಯ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕಿಗೆ ಅದರ ಬಾಲದ ನೇರಕ್ಕೆ ಬಂದ ಸದ್ದು ಅತಿ ಕಡಿಮೆ ಕೇಳುತ್ತದೆ, ಹಾಗಾಗಿ ಮಾನಿಟರ್ ಗಾಯಕರ ಎದುರಿಗೇ ಇರಲಿ. ಸೂಪರ್ ಕಾರ್ಡಿಯಾಯ್ಡ್ (ಇನ್ನೂ ಕಿರಿದಾದ ಕೋನದಿಂದ ಹಿಡಿಯುವ ಮೈಕು) ಆದರೆ ಬಾಲದ ನೇರದಲ್ಲಿ ಸ್ವಲ್ಪ ಕೇಳುತ್ತದೆ. ಅದಕ್ಕೆ ಮಾನಿಟರನ್ನು ಎಡಕ್ಕೋ ಬಲಕ್ಕೋ ಓರೆಯಾಗಿಡಿ. ಎರಡು ಬಗೆಯ ಮೈಕು ಬೆರೆಸಿ ತಂದು ಎಲ್ಲರಿಗೂ ಒಂದೇ ತರಹ ಮಾನಿಟರ್ ಇಟ್ಟರೆ ಒಬ್ಬರ ಮೈಕು ಮಾತ್ರ ರಾತ್ರಿಯಿಡೀ ತಂಟೆ ಮಾಡುತ್ತದೆ.

ಇನ್ನು ತೆರೆದಿಟ್ಟ ಮೈಕುಗಳ ಲೆಕ್ಕ. ತೆರೆದ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಕಿರುಚುವ ಮೊದಲು ಸಿಗುವ ಅವಕಾಶ 3 ಡೆಸಿಬಲ್ ಕಡಿಮೆಯಾಗುತ್ತದೆ. ಒಂದರ ಬದಲು ಎಂಟು ತೆರೆದಿದ್ದರೆ 9 ಡೆಸಿಬಲ್ ಹೋಯಿತು. ನಿರೂಪಕರ ಮೈಕು, ಭಾಷಣದ ಪೋಡಿಯಂ ಮೈಕು, ಆ ಹಾಡಿನಲ್ಲಿ ಇಲ್ಲದ ಕೊಳಲಿನ ಮೈಕು: ಎಲ್ಲವನ್ನೂ ಮ್ಯೂಟ್ ಮಾಡಿ.

ಸೌಂಡ್ ಚೆಕ್ಕಿನಲ್ಲೇ ಈ ಕಿರುಚಾಟ ತೆಗೆಯುವುದು ಹೇಗೆ?

ಮುಖ್ಯ ಗಾಯಕರ ಮೈಕು ತೆರೆದು, ಅವರು ನಿಲ್ಲುವ ಜಾಗದಲ್ಲೇ ಸ್ಟ್ಯಾಂಡಿಗೆ ಹಾಕಿ. ಮಾನಿಟರಿನ ಸದ್ದನ್ನು ನಿಧಾನ ಏರಿಸುತ್ತಾ ಹೋಗಿ. ಎಲ್ಲೋ ಒಂದು ಕಡೆ ಗಂಟೆ ಬಾರಿಸಿದ ಹಾಗೆ ಸ್ವರ ನಿಲ್ಲತೊಡಗುತ್ತದೆ. ‘ಹೂಂ’ ಅಂತ ದಪ್ಪಗಿದ್ದರೆ 200ರಿಂದ 500 ಹರ್ಟ್ಸ್ ಒಳಗೆ ಹುಡುಕಿ, ‘ಕುಂಯ್’ ಆದರೆ 1ರಿಂದ 4 ಕಿಲೋಹರ್ಟ್ಸ್ ನಡುವೆ. ಗ್ರಾಫಿಕ್ ಈಕ್ವಲೈಜರಿನಲ್ಲಿ (ಸದ್ದನ್ನು ಫ್ರೀಕ್ವೆನ್ಸಿಯ ಪಟ್ಟಿಗಳಾಗಿ ಬಿಡಿಸಿ ಒಂದೊಂದನ್ನೇ ಏರಿಸಿ ಇಳಿಸುವ ಸಾಧನ) ಆ ಒಂದು ಪಟ್ಟಿಯನ್ನು 3 ಡೆಸಿಬಲ್ ಇಳಿಸಿ, ಮತ್ತೆ ಏರಿಸಿ, ಮುಂದಿನದನ್ನು ಹಿಡಿಯಿರಿ. ನಾಲ್ಕೈದು ಪಟ್ಟಿಗೆ ನಿಲ್ಲಿಸಿ. ಹತ್ತು ಹನ್ನೆರಡು ಪಟ್ಟಿ ಕೆಳಗಿಳಿದಿದ್ದರೆ ನೀವು ಒಟ್ಟು ವಾಲ್ಯೂಮನ್ನೇ ಇಳಿಸಿದ್ದೀರಿ ಎಂದರ್ಥ, ದನಿಯೂ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಅಂಥ ಹೊತ್ತಿನಲ್ಲಿ ಮಾನಿಟರಿನ ಜಾಗ ಬದಲಿಸಬೇಕು, ಈಕ್ವಲೈಜರ್ ಮುಟ್ಟಬಾರದು.

ಹಾಡುವ ಎಲ್ಲ ಮೈಕುಗಳಿಗೂ 100–120 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸುವ ಲೋ ಕಟ್ ಬಟನ್ ಒತ್ತಿಡಿ. ವೇದಿಕೆಯ ಹಲಗೆ ಮೇಲೆ ಯಾರೋ ಕುಣಿದಾಗ ಬರುವ ‘ಧಡ್ ಧಡ್’ ಅಷ್ಟಕ್ಕೇ ಹೋಗುತ್ತದೆ.

“ಅಣ್ಣಾ, ಸ್ವಲ್ಪ ಎಕೋ ಹಾಕು” ಅಂತ ಎಲ್ಲ ಗಾಯಕರೂ ಕೇಳುತ್ತಾರೆ. ಹಾಕಬೇಕಾ?

ಹೊರಗಿನ ಸ್ಪೀಕರಿಗೆ ಸ್ವಲ್ಪ ಹಾಕಿ. ಮಾನಿಟರಿಗೆ ಬೇಡ, ಅಥವಾ ಹೆಸರಿಗಷ್ಟೇ. ಎಕೋ ಕೇಳುವವರಿಗೆ ಹೆಚ್ಚಿನ ಸಲ ಬೇಕಾಗಿರುವುದು ತಮ್ಮ ದನಿ ತಮಗೆ ಕೇಳುವುದು. ಮಾನಿಟರಿನಲ್ಲಿ ಅವರ ದನಿಯನ್ನು ಏರಿಸಿ, ಕೀಬೋರ್ಡನ್ನು ಇಳಿಸಿ ನೋಡಿ, ಎಕೋ ವಿಷಯ ಮರೆತುಬಿಡುತ್ತಾರೆ. ನಿರೂಪಣೆಯ ಹೊತ್ತಿಗೆ ಎಕೋ ಪೂರ್ತಿ ಬಂದ್ ಆಗಿರಲಿ. ದಾನಿಗಳ ಹೆಸರು ಎರಡೆರಡು ಸಲ ಕೇಳಿಸಿದರೆ ದಾನಿಗಳಿಗೆ ಸಂತೋಷವಾದೀತು, ಬೇರೆಯವರಿಗಲ್ಲ.

ಯಾರೂ ಹಾಡದಿದ್ದರೂ ಬಾಕ್ಸಿನಲ್ಲಿ ‘ಗುಂಯ್’ ಎಂಬ ಸದ್ದು ಬರುತ್ತಿದೆ. ಎಲ್ಲಿಂದ?

ನಮ್ಮ ಕರೆಂಟು 50 ಹರ್ಟ್ಸ್. ಆ ಸದ್ದು ಅದೇ 50 ಮತ್ತು ಅದರ ಗುಣಕಗಳು. ಕೀಬೋರ್ಡು ವೇದಿಕೆಯ ಒಂದು ಬೋರ್ಡಿನಿಂದ, ಮಿಕ್ಸರ್ ಪೆಂಡಾಲಿನ ಆ ತುದಿಯ ಇನ್ನೊಂದು ಬೋರ್ಡಿನಿಂದ ಕರೆಂಟು ತೆಗೆದುಕೊಂಡಾಗ, ಅರ್ಥಿನ ದಾರಿ ಎರಡಾಗಿ, ಸಿಗ್ನಲ್ ಕೇಬಲ್ಲಿನ ಶೀಲ್ಡಿನಲ್ಲೂ (ತಂತಿಗಳ ಸುತ್ತಲಿನ ಲೋಹದ ಹೊದಿಕೆ) ಕರೆಂಟು ಹರಿಯುತ್ತದೆ. ಪರಿಹಾರ: ಸೌಂಡಿಗೆ ಸಂಬಂಧಪಟ್ಟ ಎಲ್ಲವೂ ಒಂದೇ ಜಾಗದಿಂದ ಕರೆಂಟು ತೆಗೆದುಕೊಳ್ಳಲಿ. ಮಿಕ್ಸರಿಗೂ ವೇದಿಕೆಯಿಂದಲೇ ಎಕ್ಸ್‌ಟೆನ್ಷನ್ ಎಳೆಯಿರಿ. ಕೀಬೋರ್ಡು, ಲ್ಯಾಪ್‌ಟಾಪು, ಬೇಸ್ ಗಿಟಾರು ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮೈಕಿನ ವೈರಿಗೆ ಹೊಂದಿಸುವ ಸಣ್ಣ ಪೆಟ್ಟಿಗೆ) ಮೂಲಕ ಬರಲಿ. ಅದರಲ್ಲಿರುವ, ಸಿಗ್ನಲ್ ಕೇಬಲ್ಲಿನ ಅರ್ಥ್ ಕೊಂಡಿಯನ್ನಷ್ಟೇ ಕಡಿಯುವ ಗ್ರೌಂಡ್ ಲಿಫ್ಟ್ ಸ್ವಿಚ್ಚು ಇದಕ್ಕೆಂದೇ ಇದೆ.

ಹುಡುಕುವ ಕ್ರಮ: ಮಿಕ್ಸರಿನ ಚಾನೆಲ್ಲುಗಳನ್ನು ಒಂದೊಂದಾಗಿ ಮ್ಯೂಟ್ ಮಾಡಿ. ಯಾವುದನ್ನು ಮ್ಯೂಟ್ ಮಾಡಿದಾಗ ನಿಂತಿತೋ ಅದೇ ಕಳ್ಳ. ಎಲ್ಲ ಮ್ಯೂಟ್ ಮಾಡಿದರೂ ಇದ್ದರೆ ತೊಂದರೆ ಮಿಕ್ಸರಿನಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲ್ಲಿನಲ್ಲಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ನಿಂತರೆ ಬ್ಯಾಟರಿಯ ಮೇಲೇ ಓಡಿಸಿ. ಗುಂಯ್‌ಗುಟ್ಟುವುದರ ಬದಲು ಸಣ್ಣಗೆ ‘ಜೀರ್’ ಎನ್ನುತ್ತಾ ಲೈಟು ಮಂಕಾದಂತೆಲ್ಲ ಸದ್ದು ಬದಲಾದರೆ ಅದು ಡಿಮ್ಮರಿನ ಕಾಟ. ಲೈಟಿನವರಿಗೆ ಬೇರೆ ಫೇಸ್ ಕೊಡಿ, ಕರೆಂಟಿನ ವೈರೂ ಮೈಕಿನ ವೈರೂ ಒಟ್ಟಿಗೆ ಸುತ್ತಿಕೊಂಡು ಹೋಗದಂತೆ ನೋಡಿಕೊಳ್ಳಿ. ದಾಟಲೇಬೇಕಿದ್ದರೆ ಅಡ್ಡಲಾಗಿ ದಾಟಲಿ.

ಪ್ಲಗ್ಗಿನ ದಪ್ಪ ಮೂರನೇ ಕಾಲು ಕಿತ್ತರೆ ಗುಂಯ್ ನಿಲ್ಲುತ್ತದೆ ಎಂದು ಹೇಳುವವರು ಸಿಗುತ್ತಾರೆ. ನಿಲ್ಲುವುದೂ ನಿಜ. ಅದೇ ಹೊತ್ತಿಗೆ ಆ ಉಪಕರಣಕ್ಕಿದ್ದ ಜೀವರಕ್ಷಣೆಯೂ ಹೋಯಿತು. ಹಾಗೆ ಮಾಡುವವರ ಜೊತೆ ಕೆಲಸ ಮಾಡಬೇಡಿ.

ಗಿಟಾರ್ ಹಿಡಿದವರು ಮೈಕಿಗೆ ತುಟಿ ತಾಗಿಸಿದರೆ ಶಾಕ್ ಹೊಡೆಯುತ್ತದೆ. ಸಣ್ಣದೇ, ಆದರೂ…

ಸಣ್ಣದು ಅಂತ ಬಿಡುವ ವಿಷಯ ಅಲ್ಲ. ಗಿಟಾರ್ ಆಂಪಿನ ಅರ್ಥಿಗೂ ಮಿಕ್ಸರಿನ ಅರ್ಥಿಗೂ ನಡುವೆ ವೋಲ್ಟೇಜ್ ಇದೆ, ಆ ಸೇತುವೆ ಈಗ ಗಾಯಕರ ಮೈ. ಕಾರ್ಯಕ್ರಮ ನಿಲ್ಲಿಸಿ ಮಲ್ಟಿಮೀಟರ್ ತೆಗೆಯಿರಿ. ಎಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಮುಟ್ಟಿಸಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಯಾವುದೋ ಬೋರ್ಡಿನಲ್ಲಿ ಅರ್ಥ್ ಇಲ್ಲ, ಅಥವಾ ಫೇಸು ಲೀಕ್ ಆಗುತ್ತಿದೆ.

ಹಳ್ಳಿಯ ಎಷ್ಟೋ ಸಮುದಾಯ ಭವನಗಳಲ್ಲಿ ಮೂರು ಕಾಲಿನ ಸಾಕೆಟ್ ಇರುತ್ತದೆ, ಅದರ ಹಿಂದೆ ಅರ್ಥ್ ವೈರೇ ಇರುವುದಿಲ್ಲ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥಿಗೆಂದು ಹೊಡೆದ ಸರಳಿಗೂ ಅರ್ಥ್ ಸರಿಯಾಗಿ ಸಿಗುವುದಿಲ್ಲ. ಸರಳು ಹೊಡೆದದ್ದಕ್ಕೆ ಎಂಸಿಬಿ (ಅತಿಯಾಗಿ ಕರೆಂಟು ಹರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಬಿದ್ದೇ ಬೀಳುತ್ತದೆ ಎಂದು ನಂಬಬೇಡಿ, ಒಣ ನೆಲದಲ್ಲಿ ಅಷ್ಟು ಕರೆಂಟು ಹರಿಯುವುದೇ ಇಲ್ಲ. ಸೌಂಡಿನ ಮುಖ್ಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಇರಲೇಬೇಕು. ಕಾರ್ಯಕ್ರಮಕ್ಕೆ ಮೊದಲು ಅದರ ಟೆಸ್ಟ್ ಗುಂಡಿ ಒತ್ತಿ ಬೀಳಿಸಿ ನೋಡಿ. ಮಳೆಯ ದಿನ ಅದು ಪದೇ ಪದೇ ಬಿದ್ದರೆ ಅದನ್ನು ಬೈಪಾಸ್ ಮಾಡುವವರಿದ್ದಾರೆ. ಬೀಳುತ್ತಿರುವುದು ಎಲ್ಲೋ ನೀರು ಹೊಕ್ಕಿದ್ದಕ್ಕೆ, ಆ ಜಾಗ ಹುಡುಕಿ.

ಯಾರಿಗಾದರೂ ಕರೆಂಟು ಹಿಡಿದುಕೊಂಡರೆ ಮುಟ್ಟಿ ಎಳೆಯಬೇಡಿ. ಮೊದಲು ಮೇನ್ ಆಫ್, ಆಮೇಲೆ 112.

ಕರೆಂಟು ಎಷ್ಟು ಬೇಕು? ಸಮಿತಿಯವರು “ಪಾಯಿಂಟ್ ಇದೆ, ಬನ್ನಿ” ಅನ್ನುತ್ತಾರೆ.

‘ಪಾಯಿಂಟ್ ಇದೆ’ ಅಂದರೆ ಫ್ಯಾನಿನ ಪಕ್ಕದ 6 ಆಂಪಿಯರ್ ಸಾಕೆಟ್ ಆಗಿರಬಹುದು. 16 ಆಂಪಿಯರ್ ಸಾಕೆಟಿನಿಂದ ಸಿಗುವುದು 230 ಗುಣಿಸು 16, ಅಂದರೆ 3,680 ವೋಲ್ಟ್-ಆಂಪಿಯರ್. ಅದರ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹೇರಬೇಡಿ. ಸೌಂಡಿಗೊಂದು, ಲೈಟಿಗೊಂದು, ಹೊರಗಿನ ಸೀರಿಯಲ್ ಸೆಟ್ಟಿಗೊಂದು ಬೇರೆ ಬೇರೆ ಲೈನ್ ಕೇಳಿ. ಹಬ್ಬದ ಪೆಂಡಾಲಿಗೆ ಮೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯುವುದೇ ದಾರಿ. ಕಂಬಕ್ಕೆ ಕೊಕ್ಕೆ ಹಾಕುವುದು ಅಪರಾಧ, ಅದಲ್ಲದೆ ಆ ಕೊಕ್ಕೆ ಗಾಳಿಗೆ ಅಲುಗಿದಾಗಲೆಲ್ಲ ಡಿಜಿಟಲ್ ಮಿಕ್ಸರ್ ಆಫ್ ಆಗಿ ಆನ್ ಆಗುತ್ತದೆ.

ವೈರಿನ ದಪ್ಪ ಯಾರೂ ಕೇಳುವುದಿಲ್ಲ. 1.5 ಚದರ ಮಿಲಿಮೀಟರಿನ ತಾಮ್ರದ ವೈರನ್ನು 50 ಮೀಟರ್ ಎಳೆದು 15 ಆಂಪಿಯರ್ ಹರಿಸಿದರೆ ದಾರಿಯಲ್ಲೇ ಸುಮಾರು 18 ವೋಲ್ಟ್ ಹೋಗುತ್ತದೆ. 2.5 ಆದರೆ 11. ಸಂಜೆ ಏಳಕ್ಕೆ ಹಳ್ಳಿಯಲ್ಲಿ ಎಲ್ಲ ಮನೆಯ ಲೈಟು ಹತ್ತಿದಾಗ ಬರುವುದೇ 200 ವೋಲ್ಟ್ ಅಂದುಕೊಳ್ಳಿ, ಅದರಲ್ಲಿ 18 ಕಳೆಯಿರಿ. ಬೇಸ್ ಹೊಡೆದಾಗಲೆಲ್ಲ ಲೈಟು ಮಿಣುಕುವುದು ಇದಕ್ಕೇ. ಸುತ್ತಿದ ಎಕ್ಸ್‌ಟೆನ್ಷನ್ ಚಕ್ರವನ್ನು ಪೂರ್ತಿ ಬಿಚ್ಚಿ ಬಳಸಿ, ಸುತ್ತಿದಂತೆಯೇ ಬಿಟ್ಟರೆ ಒಳಗೆ ಬಿಸಿಯೇರಿ ಕರಗುತ್ತದೆ.

ಉಪಕರಣಗಳನ್ನು ಸಾಲಾಗಿ ಸುಡುವುದು ನ್ಯೂಟ್ರಲ್. ಮೂರು ಫೇಸಿನ ಬೋರ್ಡಿನಲ್ಲಿ ನ್ಯೂಟ್ರಲ್ ಸಡಿಲವಾಗಿ ಕಿತ್ತುಬಂದರೆ, 230 ಇರಬೇಕಾದ ಕಡೆ ವೋಲ್ಟೇಜು 400ರ ಹತ್ತಿರಕ್ಕೂ ಏರಬಹುದು. ಟೆಸ್ಟರಿನ ದೀಪ ಹತ್ತಿದ್ದು ಇದನ್ನು ಹೇಳುವುದಿಲ್ಲ. ಪ್ಲಗ್ ಹಾಕುವ ಮೊದಲು ಮಲ್ಟಿಮೀಟರಿನಲ್ಲಿ ಮೂರು ಅಳತೆ ನೋಡಿ: ಫೇಸ್–ನ್ಯೂಟ್ರಲ್ 220ರಿಂದ 240, ಫೇಸ್–ಅರ್ಥ್ ಬಹುತೇಕ ಅಷ್ಟೇ, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟಿನ ಒಳಗೆ. ಲೈಟೆಲ್ಲ ಹಾಕಿಸಿ ಮತ್ತೊಮ್ಮೆ ಅಳೆಯಿರಿ. ನ್ಯೂಟ್ರಲ್–ಅರ್ಥ್ ಹತ್ತು ಹನ್ನೆರಡಕ್ಕೆ ಏರಿದರೆ ಎಲ್ಲೋ ಸ್ಕ್ರೂ ಸಡಿಲ. ಎಲೆಕ್ಟ್ರಿಷಿಯನ್ ಬರುವ ತನಕ ಪ್ಲಗ್ ಹಾಕಬೇಡಿ, ಎಷ್ಟೇ ಒತ್ತಾಯ ಮಾಡಲಿ.

ಹಾಡಿನ ನಡುವೆ ಕರೆಂಟು ಹೋಯಿತು, ಬಂತು. ಬಂದ ಕೂಡಲೇ ‘ಧಪ್’ ಅಂತು, ಬಾಕ್ಸ್ ಸತ್ತಿತು.

ಕರೆಂಟು ಹೋದ ತಕ್ಷಣ ಆಂಪ್ಲಿಫೈಯರುಗಳ ಸ್ವಿಚ್ ಆಫ್ ಮಾಡಬೇಕು, ಅದಕ್ಕೆ ಒಬ್ಬರನ್ನು ಮೊದಲೇ ನೇಮಿಸಿಡಿ. ಬಂದ ಮೇಲೆ ಮೊದಲು ಮಿಕ್ಸರ್, ಆಮೇಲೆ ಕೀಬೋರ್ಡು ಮತ್ತು ಪ್ಯಾಡು, ಕಟ್ಟಕಡೆಗೆ ಆಂಪ್ಲಿಫೈಯರ್. ಮುಗಿಸುವಾಗ ತಿರುವುಮುರುವು, ಆಂಪ್ಲಿಫೈಯರೇ ಮೊದಲು ಆಫ್. ಜನರೇಟರಿಗೆ ಬದಲಿಸುವಾಗಲೂ ಇದೇ ಕ್ರಮ. ಜೊತೆಗೆ ಜನರೇಟರ್ ಸ್ಟಾರ್ಟ್ ಆಗಿ ವೋಲ್ಟೇಜು ಸ್ಥಿರವಾಗುವ ತನಕ ಕಾಯಬೇಕು.

ಮಿಕ್ಸರಿಗೆ ಮತ್ತು ಕೀಬೋರ್ಡಿಗೆ ಕಂಪ್ಯೂಟರಿಗೆ ಹಾಕುವ ಸಣ್ಣ 600 ವಿಎ ಯುಪಿಎಸ್ ಸಾಕು. ಡಿಜಿಟಲ್ ಮಿಕ್ಸರ್ ಮತ್ತೆ ಎದ್ದೇಳುವ ತನಕ ಸಾವಿರ ಜನರ ಮುಂದೆ ನಿಲ್ಲುವುದು ಬಹಳ ದೀರ್ಘ ಕಾಲ. ಆಂಪ್ಲಿಫೈಯರನ್ನು ಆ ಯುಪಿಎಸ್‌ಗೆ ಹಾಕಬೇಡಿ.

ಆಂಪ್ಲಿಫೈಯರ್ ಹತ್ತು ನಿಮಿಷಕ್ಕೊಮ್ಮೆ ತಾನೇ ಬಂದ್ ಆಗುತ್ತದೆ.

ಒಂದು ಚಾನೆಲ್ಲಿಗೆ ಎಷ್ಟು ಬಾಕ್ಸ್ ಸೇರಿಸಿದ್ದೀರಿ ಎಣಿಸಿ. 8 ಓಮಿನ ಎರಡು ಸೇರಿದರೆ 4 ಓಮ್, ಮೂರಾದರೆ 2.67. ಆಂಪ್ಲಿಫೈಯರಿನ ಹಿಂದೆ ಕನಿಷ್ಠ 4 ಓಮ್ ಎಂದು ಬರೆದಿದ್ದರೆ ಮೂರನೆಯ ಬಾಕ್ಸೇ ಅದರ ಜೀವ ಹಿಂಡುತ್ತಿದೆ. ಅದಲ್ಲದಿದ್ದರೆ ಫ್ಯಾನಿನ ಜಾಲರಿಯ ಧೂಳು, ಅಥವಾ ಮಳೆಗೆ ಹೆದರಿ ಮೇಲೆ ಸುತ್ತಿದ ಟಾರ್ಪಾಲು.

16 ಚಾನೆಲ್ ಮಿಕ್ಸರ್ ನಮ್ಮ ತಂಡಕ್ಕೆ ಸಾಕಾಗುತ್ತದಾ?

ಎಣಿಸೋಣ. ಗಾಯಕ, ಗಾಯಕಿ, ಕೋರಸ್ ಇಬ್ಬರು, ನಿರೂಪಕರು, ಅತಿಥಿಗಳ ಮೈಕು: ಆರು. ಎರಡು ಕೀಬೋರ್ಡು ಸ್ಟೀರಿಯೋದಲ್ಲಿ ನಾಲ್ಕು. ಲೀಡ್ ಗಿಟಾರು, ಬೇಸ್ ಎರಡು. ರಿದಂ ಪ್ಯಾಡ್ ಎರಡು. ತಬಲಾ ಎರಡು, ಢೋಲಕ್ ಎರಡು, ಕೊಳಲು ಒಂದು, ಟ್ರ್ಯಾಕ್ (ಮೊದಲೇ ರೆಕಾರ್ಡ್ ಮಾಡಿದ ಹಿನ್ನೆಲೆ ಸಂಗೀತ) ಎರಡು. ಒಟ್ಟು 21. ಕೀಬೋರ್ಡುಗಳನ್ನು ಮೋನೋ ಮಾಡಿದರೆ 19, ಪ್ಯಾಡೂ ಮೋನೋ ಆದರೆ 18, ಟ್ರ್ಯಾಕೂ ಆದರೆ 17, ನಿರೂಪಕರೂ ಅತಿಥಿಗಳೂ ಒಂದೇ ಮೈಕು ಬಳಸಿದರೆ 16. ಬಯಲಿನ ಪೆಂಡಾಲಿನಲ್ಲಿ ಸ್ಟೀರಿಯೋ ಕೇಳಿಸುವುದು ನಟ್ಟನಡುವೆ ಕೂತ ನಾಲ್ಕು ಜನಕ್ಕೆ ಮಾತ್ರ, ಮೋನೋದಿಂದ ನಷ್ಟವೇನಿಲ್ಲ.

ಆದರೆ ‘16 ಚಾನೆಲ್’ ಎಂದು ಹೆಸರಿದ್ದ ಮಾತ್ರಕ್ಕೆ 16 ಮೈಕಿನ ತೂತು ಇರುವುದಿಲ್ಲ. ಕೆಲವು ಅನಲಾಗ್ ಮಿಕ್ಸರುಗಳಲ್ಲಿ ಎಂಟೋ ಹತ್ತೋ ಮೈಕಿಗೆ, ಉಳಿದವು ಸ್ಟೀರಿಯೋ ಲೈನಿಗೆ. ಬಾಡಿಗೆ ಮಾತಾಡುವಾಗ “ಮೈಕ್ ಇನ್‌ಪುಟ್ ಎಷ್ಟು?” ಎಂದು ಕೇಳಿ. ಈ ಪಟ್ಟಿಯನ್ನು ಕಾಗದದಲ್ಲಿ ಬರೆದು ಒಂದು ವಾರ ಮೊದಲು ಸೌಂಡಿನವರಿಗೆ ವಾಟ್ಸ್ಆ್ಯಪ್ ಮಾಡಿ.

ಟ್ರ್ಯಾಕ್ ಹಾಕಿದಾಗ ಕೋರಸ್ಸೂ ಬೇಸೂ ಮಾಯ, ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಮೊಬೈಲಿನಲ್ಲಿ ಚೆನ್ನಾಗಿಯೇ ಇದೆ.

ಫೈಲು ಸರಿಯಾಗಿದೆ, ಕೇಬಲ್ ತಪ್ಪು. ಮೊಬೈಲಿನ ಹೆಡ್‌ಫೋನ್ ಪಿನ್ನಿನ ತುದಿಯಲ್ಲಿ ಎಡ, ನಡುವಿನ ಉಂಗುರದಲ್ಲಿ ಬಲ. ಇಂಥ ಮೂರು ಭಾಗದ ಪಿನ್ನನ್ನು ಮಿಕ್ಸರಿನ ಬ್ಯಾಲೆನ್ಸ್ಡ್ ಮೋನೋ ತೂತಿಗೆ ಹಾಕಿದರೆ ಮಿಕ್ಸರ್ ಎಡದಿಂದ ಬಲವನ್ನು ಕಳೆಯುತ್ತದೆ. ಎರಡೂ ಕಡೆ ಸಮನಾಗಿರುವುದೆಲ್ಲ, ಅಂದರೆ ನಡುವಿನ ದನಿ, ಬೇಸು, ಡ್ರಮ್ಮು ಸೊನ್ನೆಯಾಗುತ್ತವೆ. ಉಳಿಯುವುದು ಅಂಚಿನ ಎಕೋ ಮಾತ್ರ. ಒಂದು ಕಡೆ 3.5 ಮಿಲಿಮೀಟರ್ ಸ್ಟೀರಿಯೋ, ಇನ್ನೊಂದು ಕಡೆ ಎರಡು ಬೇರೆ ಬೇರೆ ಮೋನೋ ಪಿನ್ ಇರುವ ಕವಲು ಕೇಬಲ್ ಬಳಸಿ. ಎರಡನ್ನೂ ಎರಡು ಚಾನೆಲ್ಲಿಗೆ ಹಾಕಿ, ಚಾನೆಲ್ ಉಳಿಸಬೇಕಿದ್ದರೆ ಒಂದನ್ನಷ್ಟೇ ಹಾಕಿ.

ಮೊಬೈಲಿನಿಂದ ಹಾಕುವುದಾದರೆ ಏರ್‌ಪ್ಲೇನ್ ಮೋಡ್ ಕಡ್ಡಾಯ. ವಿರಹಗೀತೆಯ ನಡುವೆ ರಿಂಗ್‌ಟೋನ್ ಮೊಳಗಿದರೆ ಜನ ಅದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಬ್ಲೂಟೂತ್ ಬೇಡ, ಕಡಿದುಹೋಗುತ್ತದೆ. ಟ್ರ್ಯಾಕಿನ ಪ್ರತಿ ಎರಡು ಬೇರೆ ಬೇರೆ ಸಾಧನದಲ್ಲಿರಲಿ, ಇಂಟರ್ನೆಟ್ಟಿನಿಂದ ನುಡಿಸುವ ಯೋಚನೆ ಮಾಡಬೇಡಿ. ಘಟ್ಟದ ಊರುಗಳಲ್ಲಿ ಸಿಗ್ನಲ್ಲಿನ ಕಥೆ ಗೊತ್ತಲ್ಲ.

ಹಾಡು ಶುರುವಾದ ಕೂಡಲೇ ಕೀಬೋರ್ಡು ಒಂದು ಶ್ರುತಿ, ಗಿಟಾರು ಇನ್ನೊಂದು. ಅಭ್ಯಾಸದಲ್ಲಿ ಸರಿ ಇತ್ತು!

ಕಾರಣ, ಕೀಬೋರ್ಡಿನ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಗುಂಡಿ. ಹಿಂದಿನ ಹಾಡಿಗೆ ಗಾಯಕಿಗೋಸ್ಕರ ಎರಡು ಮನೆ ಏರಿಸಿದ್ದನ್ನು ವಾಪಸ್ ಇಳಿಸಿರುವುದಿಲ್ಲ. ಆರ್ಕೆಸ್ಟ್ರಾಗಳಲ್ಲಿ ಮಾನ ಕಳೆಯುವ ತಪ್ಪುಗಳಲ್ಲಿ ಇದಕ್ಕೆ ಅಗ್ರಪೂಜೆ. ಹಾಡಿನ ಪಟ್ಟಿಯಲ್ಲಿ ಪ್ರತಿ ಹಾಡಿನ ಮುಂದೆ ಮೂರು ವಿಷಯ ಬರೆದು ಕೀಬೋರ್ಡಿಗೆ ಅಂಟಿಸಿ: ಶ್ರುತಿ, ಟ್ರಾನ್ಸ್‌ಪೋಸ್ ಅಂಕಿ, ವೇಗ. ಹಾಡು ಮುಗಿದ ಚಪ್ಪಾಳೆಯಲ್ಲೇ ಸೊನ್ನೆಗೆ ತರುವುದು ಕೈಗೆ ಅಭ್ಯಾಸವಾಗಲಿ. ಹಾಡು ಶುರು ಮಾಡುವ ಮುನ್ನ ಕೀಬೋರ್ಡಿನವರು ಸಣ್ಣಗೆ ‘ಸ’ ಮುಟ್ಟಿ ತೋರಿಸಲಿ, ಬೇಸಿನವರು ತಲೆಯಾಡಿಸಲಿ. ಎರಡು ಸೆಕೆಂಡಿನ ಕೆಲಸ.

ಮಲೆನಾಡಿನ ಥಂಡಿಯೂ ಶ್ರುತಿಯ ಜೊತೆ ಆಟವಾಡುತ್ತದೆ. ತೇವಕ್ಕೆ ತಬಲಾ, ಢೋಲಕ್ಕಿನ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಚಳಿಯಲ್ಲಿ ಕೊಳಲೂ ಇಳಿಯುತ್ತದೆ, ಊದುತ್ತಾ ಬಿಸಿಯಾದಂತೆ ಏರುತ್ತದೆ. ವಾದ್ಯಗಳನ್ನು ಒಂದು ಗಂಟೆ ಮೊದಲೇ ವೇದಿಕೆಗೆ ತಂದಿಡಿ, ಆಮೇಲೆ ಶ್ರುತಿ ಮಾಡಿ. ಕಾರಿನ ಡಿಕ್ಕಿಯಿಂದ ನೇರ ತಂದು ಕೂಡಿಸಿದ ಶ್ರುತಿ ಮೂರನೇ ಹಾಡಿಗೆ ನಿಲ್ಲುವುದಿಲ್ಲ.

ಕಾರ್ಡ್‌ಲೆಸ್ ಮೈಕು ಸೌಂಡ್ ಚೆಕ್ಕಿನಲ್ಲಿ ಸರಿ, ಜನ ತುಂಬಿದ ಮೇಲೆ ಕಡಿದು ಕಡಿದು ಬರುತ್ತದೆ.

ಮನುಷ್ಯರ ಮೈ ರೇಡಿಯೋ ಅಲೆಯನ್ನು ಹೀರುತ್ತದೆ. ಮೈಕಿನ ಸಿಗ್ನಲ್ ಹಿಡಿಯುವ ರಿಸೀವರನ್ನು ಜನರ ಹಿಂದೆ ಮಿಕ್ಸರಿನ ಪಕ್ಕ ಇಡದೆ ವೇದಿಕೆಯ ಬದಿಯಲ್ಲಿ, ತಲೆಗಿಂತ ಎತ್ತರಕ್ಕೆ, ಕಬ್ಬಿಣದ ಟ್ರಸ್ಸಿನಿಂದ (ವೇದಿಕೆಯ ಚೌಕಟ್ಟು) ದೂರ ಇಡಿ. ಮೈಕುಗಳನ್ನೆಲ್ಲ ಆಫ್ ಮಾಡಿದರೂ ರಿಸೀವರಿನ ಸಿಗ್ನಲ್ ದೀಪ ಉರಿಯುತ್ತಿದ್ದರೆ ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರೋ ಇದ್ದಾರೆ, ಬದಲಿಸಿ. 2.4 ಗಿಗಾಹರ್ಟ್ಸ್‌ನ ಅಗ್ಗದ ಸೆಟ್ಟುಗಳಿಗೆ ಜನರ ಜೇಬಿನ ವೈಫೈ, ಬ್ಲೂಟೂತ್‌ಗಳೇ ಶತ್ರು. ಡಿಜಿಟಲ್ ಮಿಕ್ಸರನ್ನು ಟ್ಯಾಬ್ಲೆಟ್ಟಿನಿಂದ ನಡೆಸುವವರಿಗೂ ಇದೇ ಗಂಡಾಂತರ, ರೌಟರನ್ನು 5 ಗಿಗಾಹರ್ಟ್ಸ್‌ಗೆ ಹಾಕಿ ಎತ್ತರಕ್ಕೆ ಕಟ್ಟಿ. 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುವ ಹಳೆಯ ಸೆಟ್ಟುಗಳ ಕಾಲ ಮುಗಿಯಿತು, ಅಲ್ಲಿ ಈಗ 5ಜಿ ಇದೆ.

ಪ್ರತಿ ಕಾರ್ಯಕ್ರಮಕ್ಕೂ ಹೊಸ ಸೆಲ್. ನಿನ್ನೆ ಎರಡು ಗಂಟೆ ಓಡಿದ ಸೆಲ್ಲು ಟಿವಿ ರಿಮೋಟಿಗೆ. ಮತ್ತು ಎಷ್ಟು ಕಾರ್ಡ್‌ಲೆಸ್ ಇದ್ದರೂ ಒಂದು ವೈರಿನ ಮೈಕು ವೇದಿಕೆಯ ಮೂಲೆಯಲ್ಲಿ ಸಿದ್ಧವಾಗಿ ನಿಂತಿರಲಿ.

ಸಮುದಾಯ ಭವನದಲ್ಲಿ ಹಾಡಿನ ಒಂದು ಶಬ್ದವೂ ಅರ್ಥವಾಗುವುದಿಲ್ಲ. ಸೌಂಡ್ ಏರಿಸಿದರೆ ಇನ್ನೂ ಕೆಡುತ್ತದೆ.

ಟೈಲ್ಸ್ ನೆಲ, ಸಿಮೆಂಟು ಗೋಡೆ, ಮೇಲೆ ಶೀಟು: ಸದ್ದಿಗೆ ಹೀರಿಕೊಳ್ಳುವ ಮೆತ್ತಗಿನ ವಸ್ತುವೇ ಇಲ್ಲ. ಗೋಡೆಯಿಂದ ಗೋಡೆಗೆ ಬಡಿದು, ಹಿಂದಿನ ಅಕ್ಷರ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಮೆತ್ತನೆಯ ಕುರ್ಚಿ, ಪರದೆಗಳಿರುವ ರಂಗಮಂದಿರದಲ್ಲಿ ಅದೇ ತಂಡ ಅದೇ ಮಿಕ್ಸರಿನಲ್ಲಿ ಚೆನ್ನಾಗಿ ಕೇಳುವುದು ಇದಕ್ಕೇ. ಎಕೋ ಪೂರ್ತಿ ತೆಗೆಯಿರಿ. ಬಾಕ್ಸುಗಳನ್ನು ಎತ್ತರಕ್ಕೆ ಏರಿಸಿ, ಮುಖ ಜನರ ಕಡೆ ಬಾಗಿರಲಿ, ಬದಿಯ ಗೋಡೆಗೆ ಹೊಡೆಯದಂತೆ ಸ್ವಲ್ಪ ಒಳಮುಖವಾಗಿರಲಿ. ಬೇಸ್ ಬಾಕ್ಸನ್ನು ಮೂಲೆಗೆ ತಳ್ಳಬೇಡಿ, ಮೂಲೆ ಬೇಸನ್ನು ಉಬ್ಬಿಸುತ್ತದೆ. ಎದುರು ಗೋಡೆಗೆ ಭವನದಲ್ಲೇ ಇರುವ ನಾಲ್ಕು ದಪ್ಪ ಜಮಖಾನ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ತೂಗುಹಾಕಿದರೆ ಮಾತಿನ ಸ್ಪಷ್ಟತೆಗೆ ಆಗುವ ಲಾಭ ದೊಡ್ಡದು. ಖಾಲಿ ಭವನದಲ್ಲಿ ಮಾಡಿದ ಸೌಂಡ್ ಚೆಕ್ ಜನ ತುಂಬಿದ ಮೇಲೆ ಬದಲಾಗುತ್ತದೆ. ಜನರೇ ಸದ್ದು ಹೀರುವುದರಿಂದ ಹೆಚ್ಚಾಗಿ ಒಳ್ಳೆಯದಕ್ಕೇ ಬದಲಾಗುತ್ತದೆ, ಆದ್ದರಿಂದ ಖಾಲಿ ಭವನ ನೋಡಿ ಎದೆಗುಂದಬೇಡಿ.

ಭವನದ ಮೇಲೆ ಜಿಂಕ್ ಶೀಟಿದ್ದು ಜಡಿಮಳೆ ಶುರುವಾದರೆ ಯಾವ ಆಪರೇಟರೂ ಗೆಲ್ಲುವುದಿಲ್ಲ. ಮೆಲುದನಿಯ ಹಾಡು ಮುಂದಕ್ಕೆ ಹಾಕಿ, ಕುಣಿಸುವ ಹಾಡು ತೆಗೆದುಕೊಳ್ಳಿ.

ಬಯಲಿನಲ್ಲಿ ಹಿಂದಿನವರಿಗೆ ಕೇಳಲಿ ಎಂದು ನಡುವೆ ಎರಡು ಬಾಕ್ಸ್ ಇಟ್ಟರೆ ಎಲ್ಲವೂ ಎರಡು ಸಲ ಕೇಳುತ್ತದೆ.

ವೈರಿನಲ್ಲಿ ಸಿಗ್ನಲ್ ತಕ್ಷಣ ತಲುಪುತ್ತದೆ, ಗಾಳಿಯಲ್ಲಿ ಸದ್ದು ಮೀಟರಿಗೆ ಸುಮಾರು 2.9 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. 30 ಮೀಟರ್ ದೂರದ ಬಾಕ್ಸಿಗೆ ಮಿಕ್ಸರಿನಲ್ಲಿ 87 ಮಿಲಿಸೆಕೆಂಡು ಡಿಲೇ (ತಡ) ಕೊಡಿ, ಮೇಲೆ ಇನ್ನೊಂದು ಹತ್ತು ಸೇರಿಸಿದರೆ ಸದ್ದು ವೇದಿಕೆಯಿಂದಲೇ ಬಂದಂತೆ ಅನಿಸುತ್ತದೆ. ದೂರವನ್ನು ಹೆಜ್ಜೆಯಲ್ಲಿ ಅಳೆದರೂ ನಡೆಯುತ್ತದೆ.

ಸೌಂಡ್ ಚೆಕ್ಕಿಗೆ ಸಮಯವೇ ಸಿಗುವುದಿಲ್ಲ. ಎಷ್ಟು ಬೇಕು?

ಏಳು ಗಂಟೆಯ ಕಾರ್ಯಕ್ರಮಕ್ಕೆ ಮೂರಕ್ಕೆ ಸಾಮಾನು ಇಳಿಯಬೇಕು. ಕರೆಂಟಿನ ಅಳತೆ ಅರ್ಧ ಗಂಟೆ, ಬಾಕ್ಸು ವೈರು ಒಂದು ಗಂಟೆ. ನಾಲ್ಕೂವರೆಯಿಂದ ಲೈನ್ ಚೆಕ್: ಪ್ರತಿ ವೈರೂ ತನ್ನ ಚಾನೆಲ್ಲಿಗೇ ಬರುತ್ತಿದೆಯೇ ಎಂದಷ್ಟೇ ನೋಡುವುದು. ಐದರಿಂದ ಆರು ತಂಡದ ಸೌಂಡ್ ಚೆಕ್. ಆರಕ್ಕೆ ಜನ ಬರತೊಡಗುತ್ತಾರೆ, ಆಮೇಲೆ ವೇದಿಕೆಯಲ್ಲಿ ‘ಹಲೋ ಹಲೋ’ ಕೇಳಿಸಬಾರದು.

ಡ್ರಮ್ಮು, ಪ್ಯಾಡಿನಿಂದ ಶುರು ಮಾಡುವ ರೂಢಿ ಇದೆ. ನಮ್ಮ ಚಿತ್ರಗೀತೆಯ ತಂಡಗಳಿಗೆ ಅದು ಒಪ್ಪುವುದಿಲ್ಲ. ಮೊದಲು ಗಾಯಕರ ದನಿ ಎಷ್ಟು ಜೋರಾಗಿ, ಸ್ವಚ್ಛವಾಗಿ ಬರುತ್ತದೋ ನೋಡಿಕೊಂಡು, ಉಳಿದ ವಾದ್ಯಗಳನ್ನು ಅದರ ಕೆಳಗೆ ಜೋಡಿಸಿ. ಪ್ಯಾಡಿನಿಂದ ಶುರುವಾದರೆ ಪ್ಯಾಡಿಗೆ ಹೊಂದಿಸಿ ಬೇಸು, ಬೇಸಿಗೆ ಹೊಂದಿಸಿ ಕೀಬೋರ್ಡು ಏರುತ್ತಾ ಹೋಗಿ, ದನಿಗೆ ಜಾಗವೇ ಉಳಿಯುವುದಿಲ್ಲ. ಪಟ್ಟಿಯಲ್ಲಿರುವ ಅತಿ ಜೋರಿನ ಹಾಡಿನ ಒಂದು ಚರಣ, ಅತಿ ಮೆಲುವಾದ ಹಾಡಿನ ಪಲ್ಲವಿ, ಇವೆರಡು ನುಡಿಸಿದರೆ ಸಾಕು. ಗೇನ್ ಇಡುವಾಗ “ಸ್ವಲ್ಪ ಹಾಡಿ” ಎಂದರೆ ಎಲ್ಲರೂ ಪಿಸುಗುಟ್ಟುತ್ತಾರೆ, ರಾತ್ರಿ ಜನರೆದುರು ಹಾಡುವುದು ಅದರ ಎರಡರಷ್ಟು ಜೋರಾಗಿ. ಡಿಜಿಟಲ್ ಮಿಕ್ಸರಿನಲ್ಲಿ ಸರಾಸರಿ ಮಟ್ಟ ಮೈನಸ್ 18 ಡೆಸಿಬಲ್ಲಿನ ಹತ್ತಿರ ಇಟ್ಟರೆ ಈ ಉತ್ಸಾಹಕ್ಕೆ ಜಾಗ ಇರುತ್ತದೆ.

ಸಭಾ ಕಾರ್ಯಕ್ರಮ ಮುಗಿದದ್ದೇ ಒಂಬತ್ತೂಕಾಲಿಗೆ. ಹತ್ತಕ್ಕೆ ಪೊಲೀಸರು ಬಂದರು. ಇದಕ್ಕೇನು ಮಾಡುವುದು?

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ 12ರವರೆಗೆ ಸಡಿಲಿಕೆ ಕೊಡಬಹುದು, ಆದರೆ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ, ಅದೂ ಸರ್ಕಾರ ಕೊಟ್ಟರೆ. ಸಮಿತಿಯ ಅಧ್ಯಕ್ಷರು “ನಾನು ಮಾತಾಡಿದ್ದೇನೆ” ಅಂದದ್ದು ಅನುಮತಿಯಲ್ಲ. ಸಾರ್ವಜನಿಕ ಜಾಗದ ಗಡಿಯಲ್ಲಿ ಸದ್ದು, ಅಲ್ಲಿಗೆ ನಿಗದಿಯಾದ ಮಟ್ಟಕ್ಕಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ದಾಟಬಾರದು. ವಸತಿ ಪ್ರದೇಶದ ಹಗಲಿನ ಮಟ್ಟವೇ 55.

ಆದ್ದರಿಂದ ಎರಡು ಪಟ್ಟಿ ಇಟ್ಟುಕೊಳ್ಳಿ: ಎರಡೂವರೆ ಗಂಟೆಯದೊಂದು, 40 ನಿಮಿಷದ ಎಂಟು ಹಾಡಿನದೊಂದು. ಎರಡನೆಯದರಲ್ಲಿ ಟ್ರಾನ್ಸ್‌ಪೋಸ್ ಇಲ್ಲದ, ವಾದ್ಯ ಬದಲಿಸಬೇಕಿಲ್ಲದ ಹಾಡುಗಳೇ ಇರಲಿ. ಭಾಷಣದ ಹೊತ್ತಿಗೆ ಮಿಕ್ಸರಿನಲ್ಲಿ ತಂಡದ ಸೆಟ್ಟಿಂಗ್ ಯಾರೂ ಮುಟ್ಟದಂತೆ ಸೇವ್ ಮಾಡಿ. ಅನಲಾಗ್ ಆದರೆ ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ.

ಹಾಡು ನಡುವೆ ಪೂರ್ತಿ ಚೆಲ್ಲಾಪಿಲ್ಲಿಯಾದರೆ ನಿಲ್ಲಿಸಬೇಕಾ, ಎಳೆಯಬೇಕಾ?

ಲಯ ತಪ್ಪಿದ್ದರೆ ಎಳೆಯಬಹುದು: ಎಲ್ಲರೂ ಕೈಬಿಟ್ಟು ತಬಲಾ ಅಥವಾ ಪ್ಯಾಡ್ ಮಾತ್ರ ಉಳಿಯಲಿ, ಗಾಯಕರು ಪಲ್ಲವಿಗೆ ಮರಳಲಿ, ಉಳಿದವರು ಅಲ್ಲಿ ಸೇರಿಕೊಳ್ಳಲಿ. ಶ್ರುತಿಯೇ ತಪ್ಪಿದ್ದರೆ ಎಳೆಯಬೇಡಿ, ಒಂದು ಸಾಲಿನೊಳಗೆ ನಿಲ್ಲಿಸಿ ಮತ್ತೆ ಶುರು ಮಾಡಿ. ನಿಲ್ಲಿಸುವ ಸನ್ನೆ ಒಬ್ಬರದೇ ಆಗಿರಬೇಕು, ಯಾರದೆಂದು ಮೊದಲೇ ತೀರ್ಮಾನವಾಗಿರಬೇಕು. ಮೈಕಿನಲ್ಲಿ “ಸೌಂಡ್ ಸರಿಯಿಲ್ಲ, ಏನ್ರೀ ಆಪರೇಟರ್” ಎಂದು ಬೈಯುವುದು ಬೇಡವೇ ಬೇಡ. ಉಳಿದ ರಾತ್ರಿ ನಿಮ್ಮ ದನಿ ಆ ಮನುಷ್ಯನ ಬೆರಳ ತುದಿಯಲ್ಲಿದೆ. ಮಾನಿಟರಿಗೆ ಬೆರಳು ತೋರಿಸಿ ಮೇಲೆ ಅಥವಾ ಕೆಳಗೆ ಸನ್ನೆ ಮಾಡಿದರೆ ಅರ್ಥವಾಗುತ್ತದೆ.

ಮಳೆ ಹನಿ ಬಿದ್ದರೆ?

ಗಣಪತಿ ಹಬ್ಬ ಬರುವುದೇ ಮಳೆಗಾಲದಲ್ಲಿ, ಹಾಗಾಗಿ ಇದನ್ನು ಅಪರೂಪದ ಘಟನೆ ಎಂದುಕೊಳ್ಳಬೇಡಿ. ಪ್ಲಗ್ ಬೋರ್ಡು ಯಾವುದೂ ನೆಲದ ಮೇಲೆ ಇರಬಾರದು, ಇಟ್ಟಿಗೆಯ ಮೇಲೋ ಕುರ್ಚಿಯ ಮೇಲೋ ಎತ್ತರದಲ್ಲಿ, ಮೇಲಿಂದ ಪ್ಲಾಸ್ಟಿಕ್ ಹೊದಿಸಿ. ವೈರು ಬೋರ್ಡಿಗೆ ಬರುವ ಮುನ್ನ ಒಂದು ಬಾಗು ಕೆಳಗೆ ಇಳಿಯಲಿ, ವೈರಿನ ಮೇಲೆ ಹರಿದ ನೀರು ಅಲ್ಲಿ ತೊಟ್ಟಿಕ್ಕುತ್ತದೆ. ಎರಡು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ, ಮೈಕಿನ) ಕೇಬಲ್ ಸೇರುವ ಗಂಟು ಹುಲ್ಲಿನ ಮೇಲೆ ಬಿದ್ದಿದ್ದರೆ ‘ಚರಚರ’ ಶುರುವಾಗುತ್ತದೆ, ಅದನ್ನೂ ಎತ್ತಿ ಕಟ್ಟಿ. ಗುಡುಗು ಹತ್ತಿರ ಕೇಳಿದರೆ ಮೇನ್ ಆಫ್ ಮಾಡಿ, ಪ್ಲಗ್ ಕಿತ್ತು, ಕಬ್ಬಿಣದ ಟ್ರಸ್ಸಿನಿಂದ ಜನರನ್ನು ದೂರ ಕಳಿಸಿ.

ನೆನೆದ ಕೇಬಲ್ಲನ್ನು ಸುತ್ತಿ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದರೆ ವಾರದಲ್ಲಿ ಪಿನ್ನು ಹಸಿರುಗಟ್ಟುತ್ತದೆ. ಮನೆಗೆ ಹೋದ ಮೇಲೆ ಬಿಚ್ಚಿ, ಒರೆಸಿ, ಜಗಲಿಯ ಹಗ್ಗದಲ್ಲಿ ಎರಡು ದಿನ ಆರಲು ಬಿಡಿ. ಒಣಗಿದ ಮೇಲೆ ಪಿನ್ನಿನ ಹತ್ತಿರ ಬಗ್ಗಿಸಿ ಅಲುಗಿಸಿ ನೋಡಿ. ಕೇಬಲ್ ಕಡಿಯುವುದು ಹೆಚ್ಚಾಗಿ ಅಲ್ಲೇ. ಕಡಿದಿದ್ದರೆ ಎರಡು ಅಂಗುಲ ಕತ್ತರಿಸಿ ಮತ್ತೆ ಬೆಸುಗೆ ಹಾಕಿ: ಒಂದನೇ ಪಿನ್ನಿಗೆ ಶೀಲ್ಡು, ಎರಡನೆಯದಕ್ಕೆ ಹಾಟ್ (ಸಿಗ್ನಲ್ಲಿನ ತಂತಿ), ಮೂರನೆಯದಕ್ಕೆ ಕೋಲ್ಡ್ (ಅದೇ ಸಿಗ್ನಲ್ಲಿನ ತಿರುವುಮುರುವು ತಂತಿ). ಅದೇ ದಿನ ಸರಿ ಮಾಡಲಾಗದಿದ್ದರೆ ಕೇಬಲ್ಲಿಗೆ ಒಂದು ಗಂಟು ಹಾಕಿ ಬೇರೆ ಇಡಿ. ಗಂಟಿಲ್ಲದೆ ಪೆಟ್ಟಿಗೆಗೆ ಮರಳಿದ ಕೆಟ್ಟ ಕೇಬಲ್ಲು ಮುಂದಿನ ಊರಿನಲ್ಲಿ ಮುಖ್ಯ ಗಾಯಕರ ಮೈಕಿಗೇ ಹೋಗಿ ಸೇರುತ್ತದೆ.